ನರ್ಸಿಂಗ್ ಓದಲು ಹೊರಟಿರುವ ನಮ್ಮ ಮಕ್ಕಳಿಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಮೈದಾನದಲ್ಲಿ ನಾನು ಕೊನೆಯ ಬಾರಿ ಮೈಕ್ ಹಿಡಿದದ್ದು 2003ರಲ್ಲಿ, ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ. ಎರಡು ಮಾತು ಆಡುವಷ್ಟರಲ್ಲಿ ಅಳು ಬಂದು ಕೆಳಗಿಳಿದಿದ್ದೆ. ಇವತ್ತು ಹಾಗೆ ಮಾಡುವುದಿಲ್ಲ ಅಂತ ಮಾಸ್ತರರಿಗೆ ಮಾತು ಕೊಟ್ಟು ಬಂದಿದ್ದೇನೆ. ಸಂಘಟಕರು ನನಗೆ ಕೊಟ್ಟ ವಿಷಯ 'ಆರೋಗ್ಯ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು'. ಅದು ದೊಡ್ಡ ವಿಷಯ. ನನಗೆ ಗೊತ್ತಿರುವುದು ನರ್ಸಿಂಗ್ ಒಂದೇ, ಅದನ್ನೇ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

ಆರು ವರ್ಷದ ಹಿಂದಿನ ಮಾತು. ನಾನು ರಾತ್ರಿ ಪಾಳಿಯಲ್ಲಿದ್ದೆ. ಶಹಾಬಾದದಿಂದ ನಮ್ಮ ಕಾಕಾ ಫೋನ್ ಮಾಡಿದರು. ಕಾಕಾ ಪರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಅವರ ಮಗಳು, ನನ್ನ ತಂಗಿ, ಆ ವರ್ಷ ಕಲಾ ವಿಭಾಗದಲ್ಲಿ ಪಿಯು ಪಾಸಾಗಿದ್ದಳು. "ಇಲ್ಲೊಂದು ಕಡೆ ನರ್ಸಿಂಗ್ ಟ್ರೇನಿಂಗ್ ಅದ ಅಂತಾರವ್ವಾ. ಒಂದ ವರ್ಷದಾಗ ಮುಗೀತದಂತ. ಸೇರಸ್ಲೇನು?" ಅಂದರು. ವಾರ್ಡಿನಲ್ಲಿ ಯಾರೋ ಕರೆಯುತ್ತಿದ್ದರು. "ಸೇರಸ್ರಿ ಕಾಕಾ, ನರ್ಸಿಂಗ್ ಛಲೋ ಅದ" ಅಂದು ಫೋನ್ ಇಟ್ಟೆ. ಕೋರ್ಸಿನ ಹೆಸರೇನು ಅಂತ ನಾನು ಕೇಳಲಿಲ್ಲ.

ಆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನರ್ಸಿಂಗ್‌ನಲ್ಲಿ ಒಂದು ವರ್ಷದಲ್ಲಿ ಮುಗಿಯುವ ಮೂಲ ಕೋರ್ಸೇ ಇಲ್ಲ. ಕಾಕಾ ಸಾಲ ಮಾಡಿ ಹಣ ಕಟ್ಟಿದರು. ತಂಗಿ ಬಿಳಿ ಕೋಟು ಹಾಕಿಕೊಂಡು ಒಂದು ವರ್ಷ ಹೋಗಿ ಬಂದಳು. ಕೊನೆಗೆ ಬಂಗಾರದ ಅಕ್ಷರದ ಸರ್ಟಿಫಿಕೇಟು ಬಂತು, ಮನೆಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಸರ್ಕಾರಿ ನರ್ಸ್ ಹುದ್ದೆಗೆ ಅರ್ಜಿ ಕರೆದಾಗ ಆಕೆ ನನ್ನ ಹತ್ತಿರ ಬಂದಳು. ಅರ್ಜಿಯಲ್ಲಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಬರೆಯುವ ಜಾಗವಿತ್ತು. "ಅಕ್ಕಾ, ಇಲ್ಲೇನು ಬರೀಲಿ?" ಅಂದಳು. ಬರೆಯಲು ಏನೂ ಇರಲಿಲ್ಲ. ಆ ಸಂಸ್ಥೆಯ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಅಂಥವು ಒಂದೆರಡು ಇಲ್ಲ. ತಪ್ಪು ಅವರದು ಎಷ್ಟೋ, ಗೊತ್ತಿದ್ದೂ ಕೇಳದ ನನ್ನದೂ ಅಷ್ಟೇ.

ಅದಕ್ಕೇ ಇವತ್ತು ನಾನು ಇಲ್ಲಿ ನಿಂತು ಕೋರ್ಸುಗಳ ಹೆಸರನ್ನು ಸಾವಕಾಶವಾಗಿ ಹೇಳುತ್ತೇನೆ. ತಾಯಂದಿರು ದಯವಿಟ್ಟು ಕೇಳಿಸಿಕೊಳ್ಳಿ, ಮಕ್ಕಳು ಬೇಕಿದ್ದರೆ ಬರೆದುಕೊಳ್ಳಿ.

ಎಎನ್‌ಎಂ ಅಂದರೆ ಎರಡು ವರ್ಷ. ನಮ್ಮ ಹಳ್ಳಿಯ ಉಪಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕಿ ಬಸುರಿಯರನ್ನು ನೋಡಿಕೊಳ್ಳುವ ಅಕ್ಕನವರು ಓದಿದ್ದು ಇದನ್ನೇ. ಹಿಂದೆ ಎಸ್ಸೆಸ್ಸೆಲ್ಸಿ ಆದಮೇಲೆ ಸೇರಬಹುದಿತ್ತು, ಈಗ ಪಿಯು ಆಗಿರಬೇಕು. ಜಿಎನ್‌ಎಂ ಅಂದರೆ ಡಿಪ್ಲೊಮಾ, ಈಗ ಮೂರು ವರ್ಷ. ನಮ್ಮ ಕಾಲಕ್ಕೆ ಮೂರೂವರೆ ವರ್ಷ ಇತ್ತು, ಆ ಅರ್ಧ ವರ್ಷ ನಮ್ಮಿಂದ ಪುಕ್ಕಟೆ ದುಡಿಸಿಕೊಂಡರು ಅಂತ ನಾವು ಈಗಲೂ ನಗುತ್ತೇವೆ. ಪಿಯುನಲ್ಲಿ ಕಲಾ ವಿಭಾಗ ಓದಿದವರೂ ಜಿಎನ್‌ಎಂ ಸೇರಬಹುದು, ಇಂಗ್ಲಿಷ್ ಒಂದು ವಿಷಯವಾಗಿ ಇದ್ದು ಶೇಕಡಾ 40 ಅಂಕ ಇರಬೇಕು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಡಿಗ್ರಿ, ನಮ್ಮ ರಾಜ್ಯದಲ್ಲಿ ಅದರ ಪರೀಕ್ಷೆ ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇದಕ್ಕೆ ಮಾತ್ರ ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಸರ್ಕಾರದ ಪಾಲಿನ ಸೀಟು ಬೇಕೆಂದರೆ ಸಿಇಟಿ ಅರ್ಜಿ ತುಂಬುವಾಗ ನರ್ಸಿಂಗನ್ನೂ ಗುರುತು ಮಾಡಬೇಕು. ಇಂಜಿನಿಯರಿಂಗ್ ಒಂದನ್ನೇ ಗುರುತು ಮಾಡಿ ಆಮೇಲೆ ಕೈ ಕೈ ಹಿಸುಕಿಕೊಂಡವರನ್ನು ನಾನು ನೋಡಿದ್ದೇನೆ.

ಹಾಗಾಗಿ ಈ ದಾರಿ ಕವಲೊಡೆಯುವುದು ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲೇ. ವಿಜ್ಞಾನ ತಗೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ. ಕಲಾ ವಿಭಾಗ ತಗೊಂಡರೆ ಡಿಪ್ಲೊಮಾದ ಬಾಗಿಲು ಉಳಿಯುತ್ತದೆ. ಅದೂ ಸಣ್ಣದಲ್ಲ. ಎಎನ್‌ಎಂ ಆದವರು ಜಿಎನ್‌ಎಂಗೆ ಹೋಗಬಹುದು, ಜಿಎನ್‌ಎಂ ಆದವರು ಮತ್ತೆರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ನಾನು ಮೇಲೆ ಬಂದದ್ದು ಅದೇ ಮೆಟ್ಟಿಲು ಹತ್ತಿ.

ಈಗ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ವೃತ್ತಿ ಶಿಕ್ಷಣದ ವಿಷಯವಾಗಿ ಹೆಲ್ತ್‌ಕೇರ್ ಬಂದಿದೆ. ಬಹಳ ಒಳ್ಳೆಯದು. ಒಂಬತ್ತನೆಯ ತರಗತಿಯ ಹುಡುಗಿ ಕೈ ತೊಳೆಯುವ ಸರಿಯಾದ ಕ್ರಮ, ಥರ್ಮಾಮೀಟರು ಓದುವುದು ಕಲಿತರೆ ಮನೆಗೂ ಉಪಯೋಗ. ಆದರೆ ಅದು ನರ್ಸ್ ಮಾಡುವುದಿಲ್ಲ, ನರ್ಸಿಂಗ್ ನನಗೆ ಒಗ್ಗುತ್ತದೆಯೋ ಇಲ್ಲವೋ ಅಂತ ತಿಳಿಸಿಕೊಡುತ್ತದೆ. ಹಾಗೆಯೇ ಪ್ಯಾರಾಮೆಡಿಕಲ್ ಅಂದರೆ ಲ್ಯಾಬು, ಎಕ್ಸ್‌ರೇ, ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್ ಕೆಲಸಗಳು. ಅವೂ ಮರ್ಯಾದೆಯ ಕೆಲಸಗಳೇ, ಅವುಗಳ ಬೋರ್ಡು ಬೇರೆ, ನೋಂದಣಿ ಬೇರೆ. ಅದನ್ನು ಓದಿ ನರ್ಸ್ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಕಾಲೇಜಿನವರು "ಎಲ್ಲಾ ಒಂದೇ" ಅಂದರೆ ಅಲ್ಲಿಂದ ಎದ್ದು ಬನ್ನಿ.

ನಿಜವಾದ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇರುತ್ತದೆ. ಮಕ್ಕಳು ಹೋಗಿ ಕಲಿಯಲು ಒಂದು ಆಸ್ಪತ್ರೆ ಇರುತ್ತದೆ, ಹಾಸಿಗೆಗಳಲ್ಲಿ ರೋಗಿಗಳಿರುತ್ತಾರೆ. ನೀವು ಸೇರಿಸುವ ಮೊದಲು ಹೋಗಿ ಆ ಆಸ್ಪತ್ರೆಯನ್ನು ನೋಡಿ ಬನ್ನಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ನೋಡುವ ನಾವು ಮಗಳ ಕಾಲೇಜನ್ನು ಪಾಂಪ್ಲೆಟ್ ನೋಡಿ ಒಪ್ಪಿಕೊಳ್ಳುತ್ತೇವೆ.

ಇದೆಲ್ಲ ಬರೀ ಕಾಗದದ ಮಾತು ಅಂತ ಯಾರಿಗಾದರೂ ಅನ್ನಿಸಬಹುದು. ಮಾನ್ಯತೆ ಇಲ್ಲದಿದ್ದರೇನು, ಇಂಜೆಕ್ಷನ್ ಕೊಡಲು ಬಂದರೆ ಸಾಲದೇ ಅಂತ ನಮ್ಮ ಕಾಕಾ ಕೂಡ ಒಮ್ಮೆ ಕೇಳಿದರು. ಅವರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ತೊಗರಿ ಹೊಲದಲ್ಲಿ ಕಳೆ ತೆಗೆಯುವ ದಿನಗಳು. ರಾತ್ರಿ ಎಂಟು ದಾಟಿತ್ತು. ಚಿಂಚೋಳಿ ಕಡೆಯ ಒಂದು ತಾಂಡಾದಿಂದ ಗಂಡ ಮತ್ತು ಮೈದುನ ಒಬ್ಬ ಹೆಣ್ಣುಮಗಳನ್ನು ಮೋಟಾರ್ ಸೈಕಲ್ ಮೇಲೆ ನಡುವೆ ಕೂರಿಸಿಕೊಂಡು ತಂದರು. ಕಾಲಿಗೆ ಹಾವು ಕಚ್ಚಿತ್ತು. ಮೊಣಕಾಲ ಕೆಳಗೆ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದರು. ವೈದ್ಯರು ಪಕ್ಕದ ಹೆರಿಗೆ ಕೋಣೆಯಲ್ಲಿ, ರಕ್ತ ಹೋಗುತ್ತಿದ್ದ ಬಾಣಂತಿಯ ಹತ್ತಿರ ಇದ್ದರು. ಯಾವ ಹಾವು ಅಂತ ಯಾರೂ ನೋಡಿರಲಿಲ್ಲ. ಗಂಡ "ಆ ಕಟ್ಟು ಬಿಚ್ಚರಿ ಸಿಸ್ಟರ್, ಆಕಿಗಿ ನೋವಾಗ್ಲಿಕತ್ತದ" ಅಂದ. ನಾನು ಬಿಚ್ಚಲಿಲ್ಲ. ಬಿಗಿ ಕಟ್ಟು ಕಟ್ಟಬಾರದು ನಿಜ, ಆದರೆ ಕಟ್ಟಿ ತಂದಮೇಲೆ ಔಷಧ, ಸಲೈನು ಸಿದ್ಧ ಆಗದೆ ಥಟ್ಟನೆ ಬಿಚ್ಚಿದರೆ ತಡೆದುನಿಂತ ವಿಷ ಒಮ್ಮೆಲೇ ಮೈಗೇರಬಹುದು.

ನಾನು ಮಾಡಿದ್ದು ಒಂದು ಸಣ್ಣ ಕೆಲಸ. ಎರಡು ಮಿ.ಲೀ. ರಕ್ತ ತೆಗೆದು ಒಣಗಿದ ಶುದ್ಧ ಗಾಜಿನ ನಳಿಕೆಗೆ ಹಾಕಿ ಅಲುಗಾಡದಂತೆ ನಿಲ್ಲಿಸಿ ಗಡಿಯಾರ ನೋಡಿದೆ. 20 ನಿಮಿಷ. ನಳಿಕೆ ಗಾಜಿನದೇ ಆಗಬೇಕು, ಪ್ಲಾಸ್ಟಿಕ್‌ನಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಆ 20 ನಿಮಿಷ ಆಕೆಯ ರೆಪ್ಪೆ ಇಳಿಯುತ್ತಿದೆಯೇ, ಮಾತು ತೊದಲುತ್ತಿದೆಯೇ, ಉಸಿರು ಹೇಗಿದೆ ಅಂತ ನೋಡುತ್ತಾ ಕುಳಿತೆ, ಯಾಕೆಂದರೆ ನಾಗರಹಾವು, ಕಟ್ಟುಹಾವು ಕಚ್ಚಿದರೆ ಲಕ್ಷಣ ಅಲ್ಲಿ ಕಾಣುತ್ತದೆ. ಆಕೆ ಗಾಬರಿಯಲ್ಲಿ ಕನ್ನಡ ಬಿಟ್ಟು ತನ್ನ ಲಂಬಾಣಿ ಮಾತಿನಲ್ಲೇ "ಯಾಡಿ, ಯಾಡಿ" ಅಂತ ಅವ್ವನನ್ನು ಕರೆಯುತ್ತಿದ್ದಳು. ಸಮಯ ಆದಮೇಲೆ ನಳಿಕೆ ಓರೆ ಮಾಡಿದೆ. ರಕ್ತ ಗಡ್ಡೆ ಕಟ್ಟಿರಲಿಲ್ಲ, ನೀರಿನಂತೆ ಹರಿಯಿತು. ಕೊಳಕುಮಂಡಲದ ವಿಷ ಹಾಗೆ ಮಾಡುತ್ತದೆ. ವೈದ್ಯರು ಬಾಗಿಲಿಗೆ ಬಂದಾಗ ನಾನು ಆ ನಳಿಕೆ ಎತ್ತಿ ತೋರಿಸಿದೆ, ಅವರು ನೋಡಿ "ಹತ್ತು ವಯಲ್ ಹಾಕ್ರಿ" ಅಂದರು. ಮುಂದಿನ ಒಂದು ತಾಸು ಕೈಯಲ್ಲಿ ಅಡ್ರಿನಲಿನ್ ತುಂಬಿಟ್ಟುಕೊಂಡು ಹಾಸಿಗೆಯ ಪಕ್ಕ ನಿಂತೆ, ಯಾಕೆಂದರೆ ಆ ಪ್ರತಿವಿಷವೇ ಕೆಲವರಿಗೆ ಒಗ್ಗದೆ ಉಸಿರು ಕಟ್ಟಿಸುತ್ತದೆ. ಆರು ತಾಸಿನ ನಂತರ ಮತ್ತೆ ಅದೇ ಪರೀಕ್ಷೆ. ಈ ಸಲ ರಕ್ತ ನಳಿಕೆಗೆ ಅಂಟಿಕೊಂಡು ನಿಂತಿತು.

ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು ಅಂತ ನಿಯಮ ಬಂದಿದೆ. ತೊಗರಿಯ ನಾಡಿನವರಾದ ನಮಗೆ ಅದು ಯಾಕೆ ಬೇಕು ಅಂತ ಬೇರೆ ಹೇಳಬೇಕಿಲ್ಲ.

ನನ್ನ ತಂಗಿಗೆ ಈ ಕಥೆ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಗ ಆಕೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಡಿಮೆ ಪಗಾರಕ್ಕೆ ಕೆಲಸ ಮಾಡುತ್ತಿದ್ದಳು. "ನಂಗ ಸೂಜಿ ಚುಚ್ಚಲಿಕ್ಕ ಬರ್ತದ ಅಕ್ಕಾ. ಚುಚ್ಚಿದ ಮ್ಯಾಲ ಏನು ನೋಡಬೇಕು ಅಂತ ಯಾರೂ ಕಲಿಸಿಲ್ಲ" ಅಂದಳು. ನಾನು ಇಷ್ಟು ವರ್ಷ ನರ್ಸಿಂಗ್ ಬಗ್ಗೆ ಕೇಳಿದ ಮಾತುಗಳಲ್ಲಿ ಇದರಷ್ಟು ಸರಿಯಾದದ್ದು ಇನ್ನೊಂದಿಲ್ಲ. ಮೂರು ನಾಲ್ಕು ವರ್ಷ ಕಲಿಸುವುದು ಆ 'ಏನು ನೋಡಬೇಕು' ಅನ್ನುವುದನ್ನೇ.

ಈಗ ಮಕ್ಕಳ ಭಯದ ಮಾತು. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆ, ಅಲ್ಲಿ ಎಲ್ಲ ಇಂಗ್ಲಿಷು, ಆಗುತ್ತದೆಯೇ? ನಾನು ಸುಳ್ಳು ಹೇಳುವುದಿಲ್ಲ, ಮೊದಲ ವರ್ಷ ಕಷ್ಟ. ಅನಾಟಮಿ ಪುಸ್ತಕ ತೆರೆದರೆ ಒಂದು ಪುಟದಲ್ಲಿ ಗೊತ್ತಿರುವ ಶಬ್ದ 'ಮತ್ತು', 'ಆದರೆ' ಅಷ್ಟೇ. ಹಾಸ್ಟೆಲ್ಲಿನಲ್ಲಿ ದಿಂಬಿನಲ್ಲಿ ಮುಖ ಇಟ್ಟು ಅತ್ತಿದ್ದೇನೆ. ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ಇಂಗ್ಲಿಷ್ ಶಬ್ದ ಕನ್ನಡ ಅಕ್ಷರದಲ್ಲಿ, ಬಲಕ್ಕೆ ಅದರ ಅರ್ಥ. ಸ್ಟರ್ನಮ್, ಎದೆಯ ನಡುವಿನ ಎಲುಬು. ರೀನಲ್, ಮೂತ್ರಪಿಂಡಕ್ಕೆ ಸಂಬಂಧಿಸಿದ್ದು. ದಿನಕ್ಕೆ ಹತ್ತು ಶಬ್ದ. ವರ್ಷ ಮುಗಿಯುವ ಹೊತ್ತಿಗೆ ಆ ನೋಟ್‌ಬುಕ್ ಇಡೀ ಹಾಸ್ಟೆಲ್ ಸುತ್ತಿ ಬಂದು ಅದರ ರಟ್ಟು ಕಿತ್ತುಹೋಗಿತ್ತು.

ಗಣಿತಕ್ಕೂ ಹೆದರಬೇಡಿ. ಈ ಶಾಲೆಯಲ್ಲಿ ನಮ್ಮ ಮಾಸ್ತರರು ಬೆತ್ತ ಹಿಡಿದು ಕಲಿಸಿದ ಲೆಕ್ಕವೇ ಅಲ್ಲಿ ಕೆಲಸಕ್ಕೆ ಬರುವುದು. 500 ಮಿ.ಲೀ. ಸಲೈನು 4 ತಾಸಿನಲ್ಲಿ ಹೋಗಬೇಕು, ನಳಿಕೆಯಲ್ಲಿ ಒಂದು ಮಿ.ಲೀ.ಗೆ 20 ಹನಿ. ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಎಂಟನೆಯ ತರಗತಿಯ ಮಕ್ಕಳು ಇದನ್ನು ಬಾಯಲ್ಲೇ ಮಾಡಬಹುದು. ನಡುರಾತ್ರಿ, ನಿದ್ದೆಗಣ್ಣಿನಲ್ಲಿ, ಎದುರಿಗೆ ಹೃದಯದ ರೋಗಿ ಇರುವಾಗ ತಪ್ಪಿಲ್ಲದೆ ಮಾಡಬೇಕು ಅನ್ನುವುದಷ್ಟೇ ಹೆಚ್ಚಿನದು.

ಭಾಷೆಯ ವಿಷಯದಲ್ಲಿ ನಮಗಿರುವ ಲಾಭವನ್ನು ಮಾತ್ರ ಯಾರೂ ಹೇಳುವುದಿಲ್ಲ. ಸೇಡಂ, ಚಿಂಚೋಳಿ ಗಡಿಯ ನಮ್ಮ ಮಕ್ಕಳಿಗೆ ತಾಂಡೂರಿನ ತೆಲುಗು ತಿಳಿಯುತ್ತದೆ. ವಾಡಿ ರೈಲ್ವೆ ಕಾಲೊನಿಯವರಿಗೆ, ಶಹಾಬಾದ, ಚಿತ್ತಾಪುರದ ಓಣಿಯವರಿಗೆ ದಖನಿ ಉರ್ದು ಬಾಯಿಗೆ ಬಂದಿರುತ್ತದೆ. ತಾಂಡಾದ ಮಕ್ಕಳಿಗೆ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು. ನಾನು ಚಿಕ್ಕವಳಿದ್ದಾಗ ಸಿಸ್ಟರ್ ಅಂದರೆ ಕೇರಳದವರೇ ಇರಬೇಕು ಅಂದುಕೊಂಡಿದ್ದೆ. ಆ ತಾಯಂದಿರು ಮನೆ ಮಾರು ಬಿಟ್ಟು ಬಂದು ನಮ್ಮ ಕನ್ನಡ ಕಲಿತು ನಮ್ಮ ಹೆರಿಗೆ ಮಾಡಿಸಿದರು, ಅವರ ಋಣ ದೊಡ್ಡದು. ಆದರೆ "ಎದಿ ಒಳಗ ಕಳಮಳ ಅಂತದ" ಅಂತ ಅಜ್ಜಿ ಹೇಳಿದಾಗ ಅದು ಹೊಟ್ಟೆಯ ಮಾತೋ ಹೃದಯದ ಮಾತೋ ಅಂತ ಹಿಡಿಯಲು ನಮ್ಮೂರ ಕಿವಿ ಬೇಕು.

ಕೆಲಸ ಸಿಗುತ್ತದೆಯೇ ಅಂತ ಹಿರಿಯರು ಕೇಳುತ್ತೀರಿ. ಕಲಬುರಗಿಯಲ್ಲೇ ಜಿಮ್ಸ್ ಇದೆ, ಇಎಸ್‌ಐ ಆಸ್ಪತ್ರೆ ಇದೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಶುರುವಾಯಿತು. ಅದರ ಹಾಸಿಗೆಗಳ ಸಂಖ್ಯೆ 371. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಇಲ್ಲಿರುವ ಹಿರಿಯರಿಗೆ ಗೊತ್ತು. ನಮ್ಮ ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದರ ಫಲವಾಗಿ 2012ರಲ್ಲಿ ಸಂಸತ್ತು ಒಪ್ಪಿದ 371(ಜೆ) ವಿಧಿ ಅದು. ಅದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70 ಸೀಟು ನಮ್ಮ ಮಕ್ಕಳಿಗೆ ಮೀಸಲು, ರಾಜ್ಯದ ಉಳಿದ ಕಡೆ ಶೇಕಡಾ 8. ನೌಕರಿಯಲ್ಲೂ ಪಾಲಿದೆ. ಆದರೆ ಆ ಅರ್ಹತಾ ಪತ್ರ ಕೊನೆಯ ದಿನ ಓಡಿದರೆ ಸಿಗುವುದಿಲ್ಲ. ಶಾಲೆಯ ದಾಖಲೆ, ವಾಸದ ದಾಖಲೆ ಜೋಡಿಸಿ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕು. ಟಿ.ಸಿ.ಯಲ್ಲಿ ಒಂದು ಕಡೆ ಹೆಸರು ಒಂದು ತರಹ, ಆಧಾರದಲ್ಲಿ ಇನ್ನೊಂದು ತರಹ ಇದ್ದು ಅಲೆದಾಡಿದವರು ಇಲ್ಲೇ ನಾಲ್ಕು ಜನ ಕುಳಿತಿದ್ದಾರೆ, ನಗುತ್ತಿದ್ದಾರೆ ನೋಡಿ.

ದೆಹಲಿಯ ಏಮ್ಸ್‌ಗೆ, ದೇಶದ ಬೇರೆ ಏಮ್ಸ್‌ಗಳಿಗೆ ನರ್ಸಿಂಗ್ ಆಫೀಸರ್ ಆಗಲು ನಾರ್ಸೆಟ್ ಅನ್ನುವ ಒಂದೇ ಪರೀಕ್ಷೆ ಇದೆ. ರೈಲ್ವೆಯಲ್ಲಿ ಹುದ್ದೆಗಳಿವೆ, ಸೈನ್ಯದಲ್ಲಿವೆ. ಹುಡುಗರಿಗೂ ಹೇಳುತ್ತಿದ್ದೇನೆ, ಹಿಂದೆ ಕುಳಿತು ಮೊಬೈಲ್ ನೋಡುತ್ತಿರುವವರಿಗೆ. ನನ್ನ ಪಾಳಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಗಂಡುಮಕ್ಕಳು, ನಮ್ಮಲ್ಲಿ ಯಾರಿಗೂ ಕಡಿಮೆ ಇಲ್ಲ.

ಕೆಲಸದ ಬಗ್ಗೆ ಬಣ್ಣ ಹಚ್ಚಿ ಹೇಳುವುದಿಲ್ಲ. ರಾತ್ರಿ ಪಾಳಿ ಇದೆ. ನಿಂತು ನಿಂತು ಕಾಲಿನ ನರ ಉಬ್ಬುತ್ತವೆ. ಖಾಸಗಿಯಲ್ಲಿ ಮೊದಮೊದಲು ಪಗಾರ ಬಹಳ ಕಡಿಮೆ. ರೋಗಿ ತೀರಿಕೊಂಡರೆ ಸಿಟ್ಟು ಮೊದಲು ನಮ್ಮ ಮೇಲೆ ಬರುತ್ತದೆ. ನನಗೆ ವರ ನೋಡುವಾಗ ಒಬ್ಬರು "ಮಂದಿ ಹೊಲಸು ಬಳಿಯೋ ಕೆಲಸ, ಬ್ಯಾಡ" ಅಂದು ಎದ್ದು ಹೋದರು. ಎರಡು ವರ್ಷದ ಮೇಲೆ ಅದೇ ಮನೆಯ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ನನ್ನ ವಾರ್ಡಿಗೇ ಬಂದರು. ಹನ್ನೊಂದು ದಿನ ಎರಡು ತಾಸಿಗೊಮ್ಮೆ ಅವರ ಮಗ್ಗುಲು ಬದಲಿಸಿದೆವು, ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಅವರು ನನ್ನ ಗುರುತು ಹಿಡಿದರೋ ಇಲ್ಲವೋ, ನಾನೂ ಹೇಳಲಿಲ್ಲ.

ಗುರುಗಳಲ್ಲಿ ನನ್ನದೊಂದು ಬೇಡಿಕೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮುಂದಿನ ಭಾನುವಾರ ಶಾಲೆಯ ಒಂದು ಕೋಣೆ ತೆರೆಸಿಕೊಡಿ. ನಾನು ಬರುತ್ತೇನೆ, ನನ್ನ ಜೊತೆ ನರ್ಸಿಂಗ್ ಮಾಡಿದ ಇನ್ನಿಬ್ಬರು ಹಳೆಯ ವಿದ್ಯಾರ್ಥಿನಿಯರೂ ಬರಲು ಒಪ್ಪಿದ್ದಾರೆ. ಯಾವ ಕಾಲೇಜಿನ ಪಾಂಪ್ಲೆಟ್ ಬಂದಿದ್ದರೂ ತನ್ನಿ, ಕೂತು ಓದೋಣ. ಟಂಟಂ ಹತ್ತಿ ದೂರದಿಂದ ಬರುವವರಿಗಾಗಿ ಸಂಜೆಯವರೆಗೂ ಇರುತ್ತೇವೆ.

ತಂಗಿಯ ಮಾತು ಅರ್ಧಕ್ಕೆ ಬಿಟ್ಟೆ. ಆಕೆಯ ಪಿಯು ಅಂಕಪಟ್ಟಿ ತೆಗೆದು ನೋಡಿದೆವು. ಇಂಗ್ಲಿಷ್ ಇತ್ತು, ಅಂಕ 40ರ ಮೇಲಿತ್ತು, ವಯಸ್ಸು ಇನ್ನೂ ಮೀರಿರಲಿಲ್ಲ. ಕಾಕಾ ಮೊದಲು ಒಪ್ಪಲಿಲ್ಲ, ಹಳೆಯ ಸಾಲವೇ ತೀರಿಲ್ಲ ಅಂದರು. ಈ ಸಲ ಫೀ ನಾನು ಕಟ್ಟಿದ್ದೇನೆ. ಅದನ್ನು ಉಪಕಾರ ಅಂತ ನಾನು ಲೆಕ್ಕ ಹಿಡಿದಿಲ್ಲ. ಈಗ ಆಕೆ ಮಾನ್ಯತೆ ಇರುವ ಕಾಲೇಜಿನಲ್ಲಿ ಜಿಎನ್‌ಎಂ ಮೊದಲ ವರ್ಷ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು, ಹುಡುಗಿಯರು ಆಂಟಿ ಅಂತ ಕಾಡಿಸುತ್ತಾರಂತೆ. ಇವತ್ತು ಈ ಸಮಾರಂಭಕ್ಕೆ ಕರೆದಿದ್ದೆ, ವಾರ್ಡ್ ಪೋಸ್ಟಿಂಗ್ ಇದೆ ಅಂತ ಬರಲಿಲ್ಲ. ನನ್ನ ರಟ್ಟು ಕಿತ್ತ ನೋಟ್‌ಬುಕ್ ಆಕೆಯ ಹತ್ತಿರ ಇದೆ. ನಿನ್ನೆ ರಾತ್ರಿ ನಾನು ಈ ಭಾಷಣ ಬರೆಯುತ್ತಾ ಕುಳಿತಾಗ ಫೋನ್ ಬಂತು. "ಅಕ್ಕಾ, ಪಟೆಲ್ಲಾ ಅಂದ್ರ ಏನು? ನಿನ್ನ ಪುಸ್ತಕದಾಗ ಆ ಪುಟ ಹರದದ" ಅಂದಳು. ಮೊಣಕಾಲ ಚಿಪ್ಪು ಅಂತ ಹೇಳಿದೆ. ಹೊಸ ಹಾಳೆ ಹಚ್ಚಿ ಬರೆದುಕೊಳ್ಳುತ್ತೇನೆ ಅಂದಳು.

ಅಳಲಿಲ್ಲ ಅನ್ನುವುದನ್ನು ಮಾಸ್ತರರು ಗಮನಿಸಬೇಕು.